ತಾಯಿಯ ಅಕ್ಷರ, ಮಗುವಿನ ಆಯುಷ್ಯ

ಕಾಲ್ಡ್‌ವೆಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನನ್ನಂತೆ ಕನ್ನಡ ಎಂ.ಎ. ಓದಿದವರಿಗೆ ನೆನಪಾಗುವವರು ಬಿಷಪ್ ರಾಬರ್ಟ್ ಕಾಲ್ಡ್‌ವೆಲ್. 1856ರಲ್ಲಿ ಅವರು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿ, ನಮ್ಮ ನುಡಿಯೂ ಅದರ ನೆರೆಯ ನುಡಿಗಳೂ ಒಂದೇ ಮನೆತನದವೆಂಬುದನ್ನು ಸಾಧಿಸಿ ತೋರಿದರು. ಮೂರು ದಶಕಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಪಾಠ ಹೇಳಿದ ನಾನು ಆ ಹೆಸರನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಯೋ ಲೆಕ್ಕವಿಲ್ಲ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಅದೇ ಹೆಸರಿನ ಇನ್ನೊಬ್ಬ ವಿದ್ವಾಂಸರ ವಿಷಯವನ್ನು. ಇವರು ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್. 1928ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡ ಈ ಜನಸಂಖ್ಯಾಶಾಸ್ತ್ರಜ್ಞರು, ತಾಯಿಗೆ ಅಕ್ಷರ ಬಂದರೆ ಮಗುವಿನ ಆಯುಷ್ಯ ಹೆಚ್ಚುವುದೇಕೆ ಎಂಬ ಪ್ರಶ್ನೆಯ ಬೆನ್ನುಹತ್ತಿ ಆಫ್ರಿಕದ ಪಟ್ಟಣಗಳನ್ನೂ ಕರ್ನಾಟಕದ ಹಳ್ಳಿಗಳನ್ನೂ ಶ್ರೀಲಂಕೆಯ ಮನೆಗಳನ್ನೂ ಹೊಕ್ಕು ಬಂದರು.

ಕನ್ನಡದ ಮೇಷ್ಟರಿಗೆ ಈ ವಿಷಯದಲ್ಲೇನು ಕೆಲಸ ಎಂದು ಕೇಳುಗರು ಕೇಳಬಹುದು. ಅಕ್ಷರ ಎಂದರೆ ಕ್ಷರವಲ್ಲದ್ದು, ನಾಶವಿಲ್ಲದ್ದು ಎಂದು ತರಗತಿಯಲ್ಲಿ ಪದದ ನಿಷ್ಪತ್ತಿಯನ್ನು ಹೇಳಿದವನು ನಾನು. ಅಕ್ಷರ ತಾನು ನಾಶವಾಗದಿರುವುದಷ್ಟೇ ಅಲ್ಲದೆ ತೊಟ್ಟಿಲಲ್ಲಿರುವ ಕೂಸನ್ನೂ ನಾಶದಿಂದ ಕಾಯುತ್ತದೆ ಎಂದು ಅಂಕಿ ಅಂಶಗಳನ್ನು ಮುಂದಿಟ್ಟು ಒಬ್ಬರು ಹೇಳಿದ್ದಾರೆಂದರೆ, ಅದನ್ನು ಕೇಳದೆ ಹೋಗುವುದು ನನ್ನಂಥವನಿಂದ ಆಗದ ಮಾತು. ನಿವೃತ್ತಿಯ ಬಿಡುವಿನಲ್ಲಿ ಅವರ ಬರಹಗಳನ್ನು ಓದುತ್ತ ಹೋದ ಹಾಗೆ, ಇದು ವೈದ್ಯರಿಗೆಷ್ಟೋ ಭಾಷೆಯನ್ನು ನಂಬಿ ಬದುಕಿದವರಿಗೂ ಅಷ್ಟೇ ಸಂಬಂಧಪಟ್ಟದ್ದು ಎಂದು ನನಗೆ ಮನವರಿಕೆಯಾಯಿತು.

ಜಾನ್ ಕಾಲ್ಡ್‌ವೆಲ್ ಮೇಜಿನ ಮುಂದೆ ಕುಳಿತು ಜನಗಣತಿಯ ಪಟ್ಟಿಗಳನ್ನು ಕೂಡಿ ಕಳೆಯುವ ಜಾತಿಯ ಪಂಡಿತರಾಗಿರಲಿಲ್ಲ. 1960ರ ದಶಕದಲ್ಲಿ ಘಾನಾ, ನೈಜೀರಿಯಗಳಲ್ಲಿ ವರ್ಷಗಟ್ಟಲೆ ಇದ್ದು ಕೆಲಸಮಾಡಿದರು. 1970ರಿಂದ 1988ರವರೆಗೆ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಜನಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದಾಗಲೂ ಅವರ ಮನಸ್ಸು ಹಳ್ಳಿಗಳ ಕಡೆಗೇ. ಎಲ್ಲ ಕಡೆಗೂ ಅವರ ಪತ್ನಿ ಪ್ಯಾಟ್ ಕಾಲ್ಡ್‌ವೆಲ್ ಜೊತೆಗಿದ್ದರು. ಮನೆಯೊಳಗಿನ ಹೆಂಗಸರ ಮಾತನ್ನು ಕೇಳಿ ಬರೆದುಕೊಳ್ಳುವ ಕೆಲಸದಲ್ಲಿ ಆಕೆ ಗಂಡನಿಗೆ ಸಮನಾದ ಪಾಲುದಾರರು. ಅನೇಕ ಪ್ರಬಂಧಗಳ ಮೇಲೆ ಇಬ್ಬರ ಹೆಸರೂ ಇದೆ.

ಮೊದಲು ನೈಜೀರಿಯದ ಕಥೆಯನ್ನು ಹೇಳುತ್ತೇನೆ. ಆ ದೇಶದ ಪಶ್ಚಿಮ ಭಾಗದ ಎಕಿಟಿ ಸೀಮೆಯಲ್ಲಿ ಇಡೊ ಮತ್ತು ಇಸಿನ್‌ಬೋಡೆ ಎಂಬ ಎರಡು ಊರುಗಳಿವೆ. ಎರಡರಲ್ಲಿಯೂ ಯೊರುಬಾ ಜನ; ಬೇಸಾಯ, ಊಟ, ಆಚಾರ ಎಲ್ಲವೂ ಬಹುಮಟ್ಟಿಗೆ ಒಂದೇ. ಆಗ ಅವುಗಳಿಗಿದ್ದ ದೊಡ್ಡ ಭೇದವೊಂದೇ: ಇಡೊದಲ್ಲಿ ಆಸ್ಪತ್ರೆಯಿತ್ತು, ಇಸಿನ್‌ಬೋಡೆಯಲ್ಲಿ ಇರಲಿಲ್ಲ. ಒರುಬುಲೋಯೆ ಎಂಬ ನೈಜೀರಿಯದ ವಿದ್ವಾಂಸರೊಂದಿಗೆ ಕಾಲ್ಡ್‌ವೆಲ್ ಈ ಎರಡು ಊರುಗಳ ಮಕ್ಕಳ ಸಾವನ್ನು ಹೋಲಿಸಿ ನೋಡಿ 1975ರಲ್ಲಿ ಪ್ರಬಂಧ ಪ್ರಕಟಿಸಿದರು. ಆಸ್ಪತ್ರೆಯಿದ್ದ ಊರಿನಲ್ಲಿ ಮಕ್ಕಳ ಸಾವು ಕಡಿಮೆ ಎಂದು ತಿಳಿಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಯಾರಾದರೂ ಊಹಿಸಬಹುದಾದದ್ದೇ.

ಆಶ್ಚರ್ಯ ಕಾದಿದ್ದದ್ದು ಮುಂದಿನ ಹೆಜ್ಜೆಯಲ್ಲಿ. ಇಬಾದಾನ್ ನಗರದ ಮನೆಗಳಿಂದ ಸಂಗ್ರಹಿಸಿದ ಮಾಹಿತಿಯನ್ನು ಕಾಲ್ಡ್‌ವೆಲ್ ಎಲ್ಲ ಬಗೆಯಲ್ಲೂ ಜಾಲಿಸಿ ನೋಡಿದರು. ತಂದೆಯ ಉದ್ಯೋಗವೇನು, ಅವನು ಎಷ್ಟು ಓದಿದ್ದಾನೆ, ಮನೆಯಲ್ಲಿ ಎಷ್ಟು ಹೆಂಡಿರು, ಎಂಥ ಕೇರಿಯಲ್ಲಿ ವಾಸ ಎಂಬುದೆಲ್ಲವನ್ನೂ ಪ್ರತ್ಯೇಕಿಸಿ ಲೆಕ್ಕ ಹಾಕಿದರೂ ಒಂದು ಅಂಶ ಮಾತ್ರ ಕರಗದೆ ಉಳಿಯಿತು. ತಾಯಿ ಶಾಲೆಗೆ ಹೋಗಿದ್ದರೆ ಮಗು ಉಳಿಯುವ ಸಂಭವ ಹೆಚ್ಚು. ತಂದೆಯ ವಿದ್ಯೆಗಿಂತ, ಮನೆಯ ಅನುಕೂಲಕ್ಕಿಂತ, ತಾಯಿಯ ವಿದ್ಯೆಯ ಪ್ರಭಾವವೇ ಮಿಗಿಲು. 1979ರಲ್ಲಿ ಪ್ರಕಟವಾದ ಈ ಪ್ರಬಂಧ ಆ ಶಾಸ್ತ್ರದಲ್ಲಿ ಒಂದು ತಿರುವು ಎಂದು ಇಂದಿಗೂ ಎಣಿಸಲ್ಪಡುತ್ತದೆ. ಅಲ್ಲಿಯವರೆಗೆ ತಾಯಿಯ ವಿದ್ಯೆಯನ್ನು ಮನೆಯ ಸಿರಿವಂತಿಕೆಯ ಒಂದು ಗುರುತೆಂದಷ್ಟೇ ಬಹುಮಂದಿ ತಿಳಿದಿದ್ದರು. ವಿದ್ಯೆ ತಾನೇ ಒಂದು ಕಾರಣ ಎಂದು ಕಾಲ್ಡ್‌ವೆಲ್ ವಾದಿಸಿದರು.

ಈ ಲೆಕ್ಕಕ್ಕೆ ಆಸ್ಪತ್ರೆಯ ಲೆಕ್ಕವನ್ನು ಸೇರಿಸಿದಾಗ ಬಂದ ಫಲವನ್ನು ಅವರು 1986ರ ತಮ್ಮ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದಾರೆ. ಕೇಳುಗರು ಮೂರು ಸಂಖ್ಯೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ತಾಯಿಗೆ ಅಕ್ಷರವಿಲ್ಲ, ಹತ್ತಿರದಲ್ಲಿ ಆಸ್ಪತ್ರೆಯಿದೆ. ಆಗ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಷ್ಯ ಶೇಕಡ 20ರಷ್ಟು ಏರಿತು. ಆಸ್ಪತ್ರೆಯಿಲ್ಲ, ತಾಯಿಗೆ ವಿದ್ಯೆಯಿದೆ. ಆಗ ಏರಿಕೆ ಶೇಕಡ 33. ಎರಡೂ ಇದ್ದರೆ? ಇಪ್ಪತ್ತಕ್ಕೆ ಮೂವತ್ತಮೂರು ಕೂಡಿಸಿದರೆ ಐವತ್ತಮೂರಾಗಬೇಕಷ್ಟೆ. ಆದರೆ ಏರಿಕೆ ಶೇಕಡ 87. ಆಸ್ಪತ್ರೆ ಮತ್ತು ಅಕ್ಷರ ಒಂದನ್ನೊಂದು ಕೂಡಿದಾಗ, ಎರಡರಲ್ಲಿ ಯಾವುದಕ್ಕೂ ತನ್ನಷ್ಟಕ್ಕೇ ಇಲ್ಲದ ಬಲವೊಂದು ಎಲ್ಲಿಂದಲೋ ಬಂದು ಸೇರುತ್ತದೆ. ಅದು ಎಲ್ಲಿಂದ ಬರುತ್ತದೆ ಎಂಬುದೇ ಅವರ ಮುಂದಿನ ಜೀವನದ ಪ್ರಶ್ನೆಯಾಯಿತು.

ಈ ಪ್ರಶ್ನೆ ತೋರುವಷ್ಟು ಸುಲಭವಲ್ಲ. ಶಾಲೆಯಲ್ಲಿ ಆರೋಗ್ಯದ ಪಾಠ ಕಲಿಯುತ್ತಾರೆ, ಅದರಿಂದ ಮಕ್ಕಳು ಬದುಕುತ್ತಾರೆ ಎಂದು ಉತ್ತರ ಕೊಟ್ಟುಬಿಡಬಹುದು. ಆದರೆ ಆ ಕಾಲದ ಹಳ್ಳಿಶಾಲೆಗಳಲ್ಲಿ ರೋಗ, ಕ್ರಿಮಿ, ಶಿಶುಪಾಲನೆಗಳ ಬಗ್ಗೆ ಕಲಿಸುತ್ತಿದ್ದದ್ದು ಎಷ್ಟು? ಮಗ್ಗಿ, ಕಾಗುಣಿತ, ರಾಜರ ಹೆಸರು, ನದಿಗಳ ಹೆಸರು, ಎದ್ದು ನಿಂತು ಪದ್ಯ ಹೇಳುವುದು; ಇಷ್ಟೇ ತಾನೇ? ಹದಿನೇಳರ ಮಗ್ಗಿಗೂ ಕೂಸಿನ ಭೇದಿಗೂ ಏನು ಸಂಬಂಧ? ಅದೂ ಅಲ್ಲದೆ, ಹತ್ತು ವರ್ಷ ಓದಿದವಳಿಗೆ ಮಾತ್ರ ಈ ಫಲ ಎಂದೇನೂ ಇರಲಿಲ್ಲ. ಜಾನ್ ಕ್ಲೆಲ್ಯಾಂಡ್ ಮತ್ತು ಫಾನ್ ಗಿನ್ನೆಕೆನ್ ಎಂಬ ಇಬ್ಬರು ವಿದ್ವಾಂಸರು 1988ರಲ್ಲಿ ಅನೇಕ ದೇಶಗಳ ಮಾಹಿತಿಯನ್ನು ಪರಿಶೀಲಿಸಿ, ತಾಯಿಯ ಓದು ಒಂದೊಂದು ವರ್ಷ ಹೆಚ್ಚಿದಂತೆ ಐದು ವರ್ಷದೊಳಗಿನ ಮಕ್ಕಳ ಸಾವು ಶೇಕಡ 7ರಿಂದ 9ರಷ್ಟು ತಗ್ಗಿರುವುದನ್ನು ತೋರಿಸಿದರು. ಎರಡನೆಯ ತರಗತಿಗೆ ಶಾಲೆ ಬಿಟ್ಟವಳಿಗೂ ಏನೋ ದೊರೆತಿದೆ. ಏನು ಅದು?

ಇದಕ್ಕೆ ಉತ್ತರ ಹುಡುಕುತ್ತ ಕಾಲ್ಡ್‌ವೆಲ್ ದಂಪತಿಗಳು 1970ರ ದಶಕದ ಕೊನೆಯಲ್ಲಿ ಬಂದದ್ದು ನಮ್ಮ ನಾಡಿಗೆ. ಜನಸಂಖ್ಯೆಯ ವಿಚಾರದಲ್ಲಿ ಈ ನಾಡು ಅದಕ್ಕೆ ಮೊದಲೇ ಹೆಸರು ಮಾಡಿತ್ತು. ಮೈಸೂರು ಸಂಸ್ಥಾನದ ಸರ್ಕಾರ 1930ರಷ್ಟು ಹಿಂದೆಯೇ ಜನನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. ಸ್ವಾತಂತ್ರ್ಯಾನಂತರ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ವರದಿ 1961ರಲ್ಲಿ ಹೊರಬಂದಿತ್ತು. ಬೆಂಗಳೂರಿನಲ್ಲಿದ್ದ ಪಾಪ್ಯುಲೇಷನ್ ಸೆಂಟರ್ ಎಂಬ ಸಂಸ್ಥೆಯ ಪಿ.ಎಚ್. ರೆಡ್ಡಿಯವರು ಕಾಲ್ಡ್‌ವೆಲ್ ದಂಪತಿಗಳಿಗೆ ಜೊತೆಯಾದರು. ಮೂವರೂ ಸೇರಿ ದಕ್ಷಿಣ ಕರ್ನಾಟಕದ ಕೆಲವು ಹಳ್ಳಿಗಳನ್ನು ಆರಿಸಿಕೊಂಡು ಹಲವು ವರ್ಷ ಅಲ್ಲಿಗೆ ಮತ್ತೆ ಮತ್ತೆ ಹೋಗಿ ಬಂದರು. ಅದರ ಫಲವಾಗಿ 1982ರಿಂದ ಒಂದರ ಹಿಂದೊಂದು ಪ್ರಬಂಧಗಳೂ, 1988ರಲ್ಲಿ ಒಂದು ಗ್ರಂಥವೂ ಪ್ರಕಟವಾದವು.

ಅವರ ವಿಧಾನವನ್ನು ಕುರಿತು ಎರಡು ಮಾತು ಹೇಳಬೇಕು. ಸಾಮಾನ್ಯವಾಗಿ ಇಂಥ ಅಧ್ಯಯನಗಳಲ್ಲಿ ಅಚ್ಚು ಹಾಕಿಸಿದ ಪ್ರಶ್ನಾವಳಿಯನ್ನು ಹಿಡಿದು ಒಬ್ಬ ಬರುತ್ತಾನೆ. ಹೌದು, ಅಲ್ಲ ಎಂಬ ಉತ್ತರಗಳನ್ನು ಗುರುತು ಹಾಕಿಕೊಂಡು ಸಂಜೆಯ ಬಸ್ಸಿಗೆ ಹೊರಟುಹೋಗುತ್ತಾನೆ. ಕಾಲ್ಡ್‌ವೆಲ್ ಮತ್ತು ರೆಡ್ಡಿಯವರು ಪ್ರಶ್ನಾವಳಿಯನ್ನು ಕೈಬಿಡಲಿಲ್ಲ. ಆದರೆ ಅದರ ಜೊತೆಗೆ ಮನೆಮನೆಯಲ್ಲಿ ಕುಳಿತು ಅತ್ತೆಯ ಮಾತನ್ನೂ ಸೊಸೆಯ ಮಾತನ್ನೂ ಕೇಳಿದರು. ಇಂದು ಹೇಳಿದ್ದನ್ನು ಆರು ತಿಂಗಳ ಮೇಲೆ ಮತ್ತೆ ಕೇಳಿ ನೋಡಿದರು. ಸಂಖ್ಯೆ ಎಲ್ಲಿ ಮೂಕವಾಗುತ್ತದೆಯೋ ಅಲ್ಲಿ ಮಾತನ್ನು ಕೇಳಬೇಕು ಎಂಬುದು ಅವರು ಹಿಡಿದ ದಾರಿ.

ಹಾಗೆ ಕೇಳಿದಾಗ ಹೊರಬಿದ್ದ ಸಂಗತಿ ನಮಗೆ ಹೊಸದಲ್ಲ. ಕಣ್ಣೆದುರಿಗೇ ಇದ್ದು ನಾವು ನೋಡದೆ ಬಿಟ್ಟದ್ದು. ಹಳೆಯ ಕಾಲದ ಕೂಡುಕುಟುಂಬದಲ್ಲಿ ಮಗು ಹೆತ್ತವಳದಾದರೂ ಮಗುವಿನ ಮೇಲಿನ ಅಧಿಕಾರ ಅವಳದಲ್ಲ. ಮಗು ಸೊರಗಿದೆ ಎಂದು ಮೊದಲು ಕಾಣುವುದು ಅವಳ ಕಣ್ಣಿಗೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಸೊಸೆಗೆ ಸಲ್ಲದು. ಹಿರಿಯರೆದುರು ತನ್ನ ಮಗುವನ್ನು ಹೆಚ್ಚಾಗಿ ಮುದ್ದಿಸುವುದೇ ನಾಚಿಕೆಗೇಡು. ಅತ್ತೆ ಗಮನಿಸಿ, ಮಾವನಿಗೆ ಹೇಳಿ, ಮಾವ ಮನಸ್ಸು ಮಾಡಿ, ಗಂಡನನ್ನು ಕಳಿಸಿ, ಗಾಡಿ ಕಟ್ಟುವ ಹೊತ್ತಿಗೆ ಎಷ್ಟೋ ಮಕ್ಕಳ ಕಾಲ ಮುಗಿದಿರುತ್ತಿತ್ತು. ಶಾಲೆಗೆ ಹೋಗಿ ಬಂದ ಸೊಸೆ ಈ ಕ್ರಮವನ್ನು ಕದಲಿಸಿದಳು. ಮಗುವಿಗೆ ಮೈ ಸರಿಯಿಲ್ಲ ಎಂದು ಅವಳೇ ಹೇಳಿದಳು. ಓದಿದವಳು ಹೇಳುತ್ತಾಳೆ ಎಂದು ಮನೆಯವರೂ ಕಿವಿಗೊಟ್ಟರು. ಅವಳಿಗೆ ಹೇಳುವ ಧೈರ್ಯ ಬಂದಂತೆ ಮನೆಗೆ ಕೇಳುವ ಮನಸ್ಸೂ ಬಂತು.

ಇನ್ನೊಂದು ಅಂಶವನ್ನು ಕಾಲ್ಡ್‌ವೆಲ್ ಮುಂದಿನ ಬರಹಗಳಲ್ಲಿ ಎತ್ತಿ ತೋರಿಸಿದರು. ಅಕ್ಷರವಿಲ್ಲದ ತಾಯಿಯೂ ಮಗುವನ್ನು ವೈದ್ಯರ ಬಳಿಗೆ ಒಯ್ಯುತ್ತಾಳೆ. ಅವರು ಕೊಟ್ಟ ಔಷಧವನ್ನು ಕೊಡುತ್ತಾಳೆ. ಗುಣವಾಗದಿದ್ದರೆ ಮತ್ತೆ ಹೋಗುವುದಿಲ್ಲ. ‘ನೀವು ಕೊಟ್ಟದ್ದು ನಾಟಲಿಲ್ಲ’ ಎಂದು ದೊಡ್ಡವರಿಗೆ ಹೇಳುವುದು ಹೇಗೆ? ಅದು ಅವರನ್ನು ಹಳಿದಂತೆ ಆಗಲಿಲ್ಲವೆ? ಓದಿದ ತಾಯಿ ಮರುದಿನವೇ ಹೋಗಿ, ಜ್ವರ ಇಳಿದಿಲ್ಲ, ಬೇರೆ ಏನಾದರೂ ಕೊಡಿ ಎನ್ನುತ್ತಾಳೆ. ಮಗು ಉಳಿಯುವುದು ಅನೇಕ ಸಲ ಈ ಎರಡನೆಯ ಭೇಟಿಯಲ್ಲಿ. ಆಸ್ಪತ್ರೆಯೂ ಅಕ್ಷರವೂ ಕೂಡಿದಾಗ 53ರ ಬದಲು 87 ಏಕೆ ಬಂತೆಂಬುದಕ್ಕೆ ಇಲ್ಲಿ ಉತ್ತರದ ಒಂದು ಭಾಗ ಸಿಗುತ್ತದೆ. ಆಸ್ಪತ್ರೆಯಿದ್ದರೆ ಮಾತ್ರ ಎರಡನೆಯ ಸಲ ಹೋಗಲು ಎಡೆ. ಮಾತಿದ್ದರೆ ಮಾತ್ರ ಎರಡನೆಯ ಸಲ ಹೋಗುವ ಎದೆ.

ಇದನ್ನು ಓದುವಾಗ ನನಗೆ ನಮ್ಮ ದೊಡ್ಡತ್ತಿಗೆಯವರ ನೆನಪಾಯಿತು. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ನಮ್ಮ ಮನೆಗೆ ಬಂದ ಹೆಣ್ಣುಮಕ್ಕಳಲ್ಲಿ ಏಳನೆಯ ತರಗತಿ ಮುಗಿಸಿದವರು ಅವರೇ ಮೊದಲು. ಅಣ್ಣನ ಕೂಸಿಗೆ ಒಮ್ಮೆ ಭೇದಿ ಹತ್ತಿತು. ಅಮ್ಮ ದೃಷ್ಟಿ ತೆಗೆಯಲು ಒಲೆಯ ಮುಂದೆ ಮೆಣಸಿನಕಾಯಿ ಹುಡುಕುತ್ತಿದ್ದರು. ಅತ್ತಿಗೆ ಬಾಗಿಲ ಬಳಿ ನಿಂತು, “ಅತ್ತೆ, ರಾತ್ರಿಯಿಂದ ಏಳು ಸಲ ಆಗಿದೆ. ಕಣ್ಣು ಗುಳಿ ಬಿದ್ದಿವೆ. ಈಗಲೇ ಆಸ್ಪತ್ರೆಗೆ ಹೋಗಬೇಕು” ಎಂದರು. ಏಳು ಸಲ! ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಾಯಿಲೆಯನ್ನು ಎಣಿಸಿದವರಲ್ಲ. ಅಮ್ಮನಿಗೆ ಆ ಮಾತಿನ ಖಚಿತತೆ ಹಿಡಿಸಲಿಲ್ಲ. ಆದರೆ ಎದುರು ಹೇಳಲೂ ಆಗಲಿಲ್ಲ. ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರು ಅತ್ತಿಗೆ. ಅಣ್ಣ ಕೂಸನ್ನೆತ್ತಿಕೊಂಡು ಸುಮ್ಮನೆ ನಿಂತಿದ್ದ. ಕೂಸು ಬದುಕಿತು. ಎರಡು ದಿನ ಮುಖ ತಿರುಗಿಸಿಕೊಂಡಿದ್ದ ಅಮ್ಮನೇ ಮುಂದೆ ಪಕ್ಕದ ಮನೆಯ ಮಗುವಿಗೆ ಜ್ವರ ಬಂದಾಗ, “ನಮ್ಮ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ, ಅವಳಿಗೆ ಡಾಕ್ಟರ ಹತ್ತಿರ ಮಾತಾಡೋಕೆ ಬರುತ್ತೆ” ಎಂದು ಹೇಳಿ ಕಳಿಸಿದರು.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ರೋಗವನ್ನು ಊಟದ ಜೊತೆಗೂ ಜಗಳವನ್ನು ಮಾತಿನ ಜೊತೆಗೂ ಹಿರಿಯರು ಜೋಡಿಸಿದರು. ಕಾಲ್ಡ್‌ವೆಲ್ಲರ ಬರಹಗಳನ್ನು ಓದಿದ ಮೇಲೆ ಗಾದೆಯ ಎರಡು ಭಾಗಗಳನ್ನು ಕೊಂಚ ಅಡ್ಡವಾಗಿ ಕೂಡಿಸಬೇಕೆನ್ನಿಸುತ್ತದೆ. ಮಾತು ಬಲ್ಲವಳ ಮಗುವಿಗೆ ರೋಗ ಬಂದರೂ ಅದು ಹೇಳದೆ ಕೇಳದೆ ಒಯ್ಯಲಾರದು.

ಒಂದು ಮನೆಯ ಮಾತು ಇಷ್ಟಾಯಿತು. ಇಡೀ ಒಂದು ನಾಡೇ ಮಾತು ಕಲಿತರೆ ಏನಾಗುತ್ತದೆ? 1985ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಇಟಲಿಯ ಬೆಲಾಜಿಯೊದಲ್ಲಿ ವಿದ್ವಾಂಸರ ಒಂದು ಸಮ್ಮೇಳನವನ್ನು ಕರೆಯಿತು. ಬಡತನದಲ್ಲಿದ್ದೂ ಒಳ್ಳೆಯ ಆರೋಗ್ಯ ಪಡೆದ ಚೀನಾ, ಶ್ರೀಲಂಕೆ, ಕೋಸ್ಟರಿಕ ದೇಶಗಳೂ ನಮ್ಮ ನೆರೆಯ ಕೇರಳವೂ ಅಲ್ಲಿ ಚರ್ಚೆಯ ವಿಷಯ. ಮರುವರ್ಷ ಕಾಲ್ಡ್‌ವೆಲ್ ಬರೆದ ಪ್ರಬಂಧದಲ್ಲಿ ದೇಶಗಳನ್ನು ಆದಾಯದ ಕ್ರಮದಲ್ಲಿ ಒಮ್ಮೆ, ಮರಣಪ್ರಮಾಣದ ಕ್ರಮದಲ್ಲಿ ಒಮ್ಮೆ ನಿಲ್ಲಿಸಿ ಹೋಲಿಸಿದರು. ತೈಲದ ಹಣ ಹೊಳೆಯಾಗಿ ಹರಿಯುತ್ತಿದ್ದ ಸೌದಿ ಅರೇಬಿಯ, ಒಮಾನ್ ಮೊದಲಾದ ದೇಶಗಳು ಆ ಕಾಲದಲ್ಲಿ ಆದಾಯದಲ್ಲಿ ಮೇಲೆ, ಆರೋಗ್ಯದಲ್ಲಿ ಬಹಳ ಕೆಳಗೆ. ಅಲ್ಲಿ ಹೆಣ್ಣುಮಕ್ಕಳ ಶಾಲೆ ಆಗಿನ್ನೂ ಎಳೆಯದು. ಕೇರಳ, ಶ್ರೀಲಂಕೆ, ಕೋಸ್ಟರಿಕಗಳು ಆದಾಯದಲ್ಲಿ ಕೆಳಗೆ, ಆರೋಗ್ಯದಲ್ಲಿ ಮೇಲೆ. 1981ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 110 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದಾಗ ಕೇರಳದಲ್ಲಿ ಆ ಸಂಖ್ಯೆ 37 ಆಗಿತ್ತು.

ಇದು ಒಂದು ದಿನದಲ್ಲಿ ಆದದ್ದಲ್ಲ. ತಿರುವಾಂಕೂರಿನ ರಾಣಿ ಗೌರಿ ಪಾರ್ವತಿಬಾಯಿ 1817ರಲ್ಲಿಯೇ ಪ್ರಜೆಗಳ ವಿದ್ಯಾಭ್ಯಾಸದ ವೆಚ್ಚವನ್ನು ರಾಜ್ಯವೇ ವಹಿಸಬೇಕೆಂದು ಆಜ್ಞೆ ಮಾಡಿದ್ದರು. ಆದರೂ ಆಜ್ಞೆಯೊಂದರಿಂದಲೇ ಎಲ್ಲ ಮಕ್ಕಳಿಗೂ ಶಾಲೆಯ ಬಾಗಿಲು ತೆರೆಯಲಿಲ್ಲ. ನಾರಾಯಣ ಗುರುಗಳು ವಿದ್ಯೆಯಿಂದ ಪ್ರಬುದ್ಧರಾಗಿರೆಂದು ತಮ್ಮ ಜನಕ್ಕೆ ಬೋಧಿಸಬೇಕಾಯಿತು. ಪುಲಯರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವವರೆಗೆ ಹೊಲಕ್ಕೆ ಇಳಿಯುವುದಿಲ್ಲವೆಂದು ಅಯ್ಯಂಕಾಳಿಯವರ ನೇತೃತ್ವದಲ್ಲಿ ಕೂಲಿಕಾರರು ಮುಷ್ಕರ ಹೂಡಬೇಕಾಯಿತು. ಹೀಗೆ ಹೋರಾಡಿ ಪಡೆದ ಅಕ್ಷರ ತನ್ನ ಜೊತೆಗೆ ‘ಇದು ನಮಗೆ ಸಲ್ಲಬೇಕಾದದ್ದು’ ಎಂಬ ತಿಳಿವನ್ನೂ ತಂದಿತು. ಕೇರಳ, ತಮಿಳುನಾಡುಗಳಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಜೋನ್ ಮೆಂಚರ್ 1980ರಲ್ಲಿ ಬರೆದ ಒಂದು ವಿಷಯವನ್ನು ಕಾಲ್ಡ್‌ವೆಲ್ ಎತ್ತಿಕೊಂಡಿದ್ದಾರೆ. ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಲ್ಕು ದಿನ ವೈದ್ಯರಿಲ್ಲದಿದ್ದರೆ ಊರಿನವರು ಮೆರವಣಿಗೆ ಹೊರಟು ಜಿಲ್ಲಾಧಿಕಾರಿಯ ಕಚೇರಿಯ ಮುಂದೆ ನಿಲ್ಲುತ್ತಾರೆ ಎಂಬುದು ಅದರ ಸಾರ. ನಮ್ಮ ಕಡೆ ಬಾಗಿಲು ಹಾಕಿದ ಆಸ್ಪತ್ರೆಯನ್ನು ಕಂಡರೆ, “ನಮ್ಮ ಹಣೆಬರಹ” ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂತಿರುಗುವ ತಾಯಂದಿರನ್ನು ನಾನು ಕಂಡಿದ್ದೇನೆ. ಸೊಸೆ ಅತ್ತೆಗೆ ಹೇಳಿದ ಮಾತೂ ಊರು ಸರ್ಕಾರಕ್ಕೆ ಹೇಳಿದ ಮಾತೂ ಮೂಲದಲ್ಲಿ ಒಂದೇ.

ಅದೇ ದಶಕದಲ್ಲಿ ಕಾಲ್ಡ್‌ವೆಲ್ ಶ್ರೀಲಂಕೆಯಲ್ಲೂ ಅಧ್ಯಯನ ನಡೆಸಿದರು. ಅಲ್ಲಿನ ಜನ ಕಾಯಿಲೆಯ ಸಣ್ಣ ಸುಳಿವಿಗೂ ಎಚ್ಚೆತ್ತುಕೊಳ್ಳುತ್ತಾರೆ, ತಡಮಾಡದೆ ವೈದ್ಯರ ಬಳಿ ಹೋಗುತ್ತಾರೆ. ಅವರ ದೀರ್ಘಾಯುಷ್ಯದ ಗುಟ್ಟು ಇದರಲ್ಲಿದೆ ಎಂದು 1989ರಲ್ಲಿ ಬರೆದರು. ಆಫ್ರಿಕದಲ್ಲಿ ಏಡ್ಸ್ ಹಬ್ಬಿದಾಗ ಅದರ ಸಾಮಾಜಿಕ ಕಾರಣಗಳನ್ನು ಕುರಿತು ಕೆಲಸ ಮಾಡಿದರು. 2004ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಪ್ರಶಸ್ತಿ ಅವರಿಗೆ ಸಂದಿತು.

ಇಷ್ಟರಿಂದ ಕಾಲ್ಡ್‌ವೆಲ್ ಹೇಳಿದ್ದೆಲ್ಲ ನಿರ್ವಿವಾದ ಎಂದು ತಿಳಿಯಬಾರದು. 1998ರಲ್ಲಿ ಸೋನಾಲ್ದೆ ದೇಸಾಯಿ ಮತ್ತು ಸೌಮ್ಯಾ ಆಳ್ವ ಎಂಬ ವಿದುಷಿಯರು 22 ದೇಶಗಳ ಮಾಹಿತಿಯನ್ನು ತೆಗೆದುಕೊಂಡು ಒಂದು ಕಠಿಣವಾದ ಪರೀಕ್ಷೆ ಮಾಡಿದರು. ಗಂಡನ ವಿದ್ಯೆ, ಮನೆಯ ನಲ್ಲಿ, ಶೌಚಾಲಯ, ವಾಸದ ಪ್ರದೇಶ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಾಗ ತಾಯಿಯ ವಿದ್ಯೆಯ ಪ್ರಭಾವ ಬಹುವಾಗಿ ತಗ್ಗುವುದೆಂದು ತೋರಿಸಿದರು. ಲಸಿಕೆ ಹಾಕಿಸುವ ವಿಷಯದಲ್ಲಿ ಮಾತ್ರ ಆ ಪ್ರಭಾವ ಹೆಚ್ಚಾಗಿ ಉಳಿಯಿತು. ಈ ಆಕ್ಷೇಪವನ್ನು ಕಡೆಗಣಿಸುವುದು ನ್ಯಾಯವಲ್ಲ. ಕೊಳಚೆಯ ನಡುವೆ ಇರುವ ಮನೆಗೆ ಶುದ್ಧ ನೀರು ಕೊಡದೆ, “ಅಮ್ಮ, ನೀನು ಓದಿಕೊಂಡಿದ್ದರೆ ನಿನ್ನ ಮಗು ಉಳಿಯುತ್ತಿತ್ತು” ಎಂದು ಉಪದೇಶ ಮಾಡುವುದು ಕ್ರೌರ್ಯ. ಆದರೆ 2010ರಲ್ಲಿ 175 ದೇಶಗಳನ್ನು ಪರಿಶೀಲಿಸಿದ ಒಂದು ದೊಡ್ಡ ಅಧ್ಯಯನ ‘ಲಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1970ರಿಂದ 2009ರವರೆಗೆ ಮಕ್ಕಳ ವಾರ್ಷಿಕ ಸಾವಿನಲ್ಲಿ ಆದ 82 ಲಕ್ಷದ ಇಳಿಕೆಯಲ್ಲಿ 42 ಲಕ್ಷವನ್ನು ಹೆಂಗಸರ ವಿದ್ಯೆಯ ಏಳಿಗೆಗೆ ಸೇರಿಸಬಹುದೆಂದು ಅದು ಅಂದಾಜು ಮಾಡಿತು. ವಿದ್ಯೆಯೊಂದೇ ಸಾಲದು; ಅದಿಲ್ಲದೆ ಉಳಿದವೂ ಸಾಲವು. ಇಡೊ, ಇಸಿನ್‌ಬೋಡೆ ಊರುಗಳ ಆ ಮೂರು ಸಂಖ್ಯೆಗಳು ಹೇಳಿದ್ದೂ ಇದನ್ನೇ.

ಇನ್ನು ಭಾಷೆಯ ವಿಚಾರಕ್ಕೆ ಬರುತ್ತೇನೆ. ರಾಬರ್ಟ್ ಲೆವೈನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ ಮೆಕ್ಸಿಕೊ, ನೇಪಾಳ, ವೆನಿಜುವೆಲ, ಜಾಂಬಿಯ ದೇಶಗಳ ತಾಯಂದಿರನ್ನು ಅಭ್ಯಾಸಮಾಡಿ 2012ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಶಾಲೆ ತಾಯಿಗೆ ಮನೆಯೊಳಗೆ ಸ್ಥಾನವನ್ನು ಕೊಡುತ್ತದೆ ಎಂದು ಕಾಲ್ಡ್‌ವೆಲ್ ಹೇಳಿದ್ದರಷ್ಟೆ. ಅದರ ಜೊತೆಗೆ ಒಂದು ಬಗೆಯ ಭಾಷೆಯನ್ನೂ ಕೊಡುತ್ತದೆ ಎಂದು ಲೆವೈನ್ ತೋರಿಸಿದರು. ಮನೆಯ ಮಾತು ಕಣ್ಣಮುಂದಿನ ವಸ್ತುವನ್ನೂ ಎದುರಿನ ಮನುಷ್ಯನನ್ನೂ ಆಧರಿಸಿ ನಿಲ್ಲುತ್ತದೆ; ‘ಅದು’, ‘ಅಲ್ಲಿ’, ‘ಹಂಗಾಯ್ತು’ ಎಂದರೆ ಸಾಕು. ಶಾಲೆಯ ಮಾತು ಹಾಗಲ್ಲ. ನೋಡದವರಿಗೂ ತಿಳಿಯುವಂತೆ, ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಬಿಡಿಸಿ ಹೇಳುವ ಮಾತು ಅದು. ದಿನಬಳಕೆಯ ಪದಗಳಿಗೆ ಅರ್ಥ ಹೇಳುವಂತೆ ಅವರು ತಾಯಂದಿರನ್ನು ಕೇಳಿದರು. ನಿಘಂಟುಕಾರರ ಆ ಕೆಲಸದಲ್ಲಿ ಶಾಲೆಯ ನೆರಳು ಸೋಕಿದವರು ಮುಂದಿದ್ದರು. ಆಸ್ಪತ್ರೆಯ ಮಾತೂ ಸರ್ಕಾರದ ಮಾತೂ ಶಾಲೆಯ ಮಾತಿನ ಜಾತಿಗೇ ಸೇರಿದವು. ಎಂದೋ ಎರಡು ವರ್ಷ ಬೆಂಚಿನ ಮೇಲೆ ಕುಳಿತವಳಿಗೂ ಆ ಮಾತಿನ ಧಾಟಿ ಪರಿಚಿತ.

ಅವರು ಮಾಡಿದ ಇನ್ನೊಂದು ಪರೀಕ್ಷೆ ಬಾನುಲಿಯ ಕೇಳುಗರಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ನೇಪಾಳದ ತಾಯಂದಿರಿಗೆ ರೇಡಿಯೊದ ಆರೋಗ್ಯ ಸಂದೇಶಗಳನ್ನು ಕೇಳಿಸಿ, ಏನು ತಿಳಿಯಿತು ಎಂದು ವಿಚಾರಿಸಿದರು. ಕೇಳುವುದಕ್ಕೆ ಓದು ಬರಹ ಬೇಕಿಲ್ಲವೆಂದು ನಾವು ತಿಳಿದಿರುತ್ತೇವೆ. ಆದರೆ ಓದು ಬಲ್ಲವರಿಗೆ ಸಂದೇಶ ಹೆಚ್ಚು ತಿಳಿದಿತ್ತು. ಉಳಿದವರಿಗೆ ಅಷ್ಟಾಗಿ ತಿಳಿದಿರಲಿಲ್ಲ. ಮೈಕಿನ ಮುಂದೆ ಕುಳಿತು ಮಾತಾಡುವವರೆಲ್ಲ ಒಂದು ಕ್ಷಣ ನಿಂತು ಯೋಚಿಸಬೇಕಾದ ಸಂಗತಿ ಇದು.

ಓದು ಬಂದವರಿಗಾದರೂ ಎಲ್ಲ ಸುಗಮವೆ? ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 395 ರೋಗಿಗಳಿಗೆ ಔಷಧದ ಶೀಶೆಯ ಮೇಲಿನ ಬರಹಗಳನ್ನು ತೋರಿಸಿದರು. ಅವುಗಳಲ್ಲಿ ಒಂದು, ದಿನಕ್ಕೆ ಎರಡು ಸಲ ಎರಡೆರಡು ಮಾತ್ರೆ ನುಂಗಬೇಕು ಎಂಬುದು. ಓದಿನಲ್ಲಿ ಹಿಂದುಳಿದವರಲ್ಲಿ ಶೇಕಡ 70.7 ಮಂದಿ ಆ ಸೂಚನೆಯನ್ನು ಸರಿಯಾಗಿಯೇ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು ಶೇಕಡ 34.7 ಮಾತ್ರ. ನಾಲಗೆಗೆ ಬಂದದ್ದು ಕೈಗೆ ಬರಲಿಲ್ಲ. ಇದನ್ನೇ ಈಗಿನವರು ಆರೋಗ್ಯ ಸಾಕ್ಷರತೆ ಎಂದು ಕರೆಯುತ್ತಾರೆ. 1974ರ ಸುಮಾರಿಗೆ ಅಮೆರಿಕದಲ್ಲಿ ಬಳಕೆಗೆ ಬಂದ ಈ ಮಾತನ್ನು ಮೊದಲು ರೋಗಿಯ ತಿಳಿವಳಿಕೆಯ ಅಳತೆಗೋಲಾಗಿ ಬಳಸಿದರು. ಕ್ರಮೇಣ, ಅಳೆಯಬೇಕಾದದ್ದು ಆಸ್ಪತ್ರೆಯ ಭಾಷೆಯನ್ನು ಕೂಡ ಎಂಬ ವಿವೇಕ ಮೂಡಿತು.

ಕನ್ನಡದಲ್ಲಿ ಈ ವಿವೇಕವನ್ನು ಮೊದಲೇ ತೋರಿದವರಿದ್ದಾರೆ. ‘ಕೊರವಂಜಿ’ಯ ಡಾ. ಎಂ. ಶಿವರಾಂ ಮನಸ್ಸಿನ ರೋಗಗಳನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದರು. ಡಾ. ಅನುಪಮಾ ನಿರಂಜನ ‘ತಾಯಿ-ಮಗು’ ಬರೆದು ಬಸಿರು ಬಾಣಂತನಗಳ ಮಾತನ್ನು ಸಂಕೋಚದ ಕತ್ತಲೆಯಿಂದ ಹೊರಗೆ ತಂದರು. ಇಬ್ಬರೂ ವೈದ್ಯರು, ಇಬ್ಬರೂ ಸಾಹಿತಿಗಳು. ಭೇದಿಯಾದ ಮಗುವಿನ ಮೈಯ ನೀರು ಬತ್ತುತ್ತದೆ ಎಂದರೆ ಯಾವ ತಾಯಿಗೂ ತಿಳಿಯುತ್ತದೆ. ನಿರ್ಜಲೀಕರಣ ಉಂಟಾಗುತ್ತದೆ ಎಂದರೆ ತಿಳಿಯುವುದು ನನ್ನಂಥ ಮೇಷ್ಟರಿಗೆ ಮಾತ್ರ. ಪ್ರಕಟಣೆಯ ಭಾಷೆಯನ್ನು ತಿದ್ದುವುದು ಸಾಹಿತ್ಯ ಬಲ್ಲವರು ಮಾಡಬಹುದಾದ ಕೆಲಸ. ಇದಕ್ಕೆ ಲಸಿಕೆಯ ಖರ್ಚೂ ಇಲ್ಲ.

ಕಾಲ್ಡ್‌ವೆಲ್ ಮತ್ತು ರೆಡ್ಡಿಯವರು ನಮ್ಮ ಹಳ್ಳಿಗಳನ್ನು ಕಂಡ ಕಾಲಕ್ಕೂ ಇಂದಿಗೂ ಬಹಳ ಅಂತರವಿದೆ. 2020ರ ಲೆಕ್ಕದಂತೆ ಕರ್ನಾಟಕದಲ್ಲಿ ಸಾವಿರಕ್ಕೆ 19 ಶಿಶುಗಳು ಸತ್ತರೆ ಭಾರತದಲ್ಲಿ 28, ಕೇರಳದಲ್ಲಿ 6. ನಾವು ಮುಂದೆ ಬಂದಿದ್ದೇವೆ. ಎಲ್ಲರೂ ಒಟ್ಟಿಗೆ ಬಂದಿಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇಕಡ 88.57 ಆಗಿದ್ದರೆ ಯಾದಗಿರಿಯದು 51.83. ಒಂದೇ ನಾಡು, ಒಂದೇ ನುಡಿ, ಒಂದೇ ಸರ್ಕಾರ, ಎರಡು ಕಾಲ. ಹೆಣ್ಣುಮಗಳನ್ನು ಎಂಟನೆಯ ತರಗತಿಗೆ ಶಾಲೆ ಬಿಡಿಸುವಾಗ ನಾವು ಕಳೆದುಕೊಳ್ಳುವುದು ಅವಳ ಓದನ್ನಷ್ಟೇ ಅಲ್ಲ; ಇನ್ನೂ ಹುಟ್ಟದ ಕೂಸೊಂದರ ಪರವಾಗಿ ಮಾತಾಡಬೇಕಾದ ಬಾಯನ್ನೂ ಕಟ್ಟುತ್ತಿದ್ದೇವೆ.

ಹಾಗೆಂದು ಶಾಲೆಯ ಮುಖ ಕಾಣದ ತಾಯಂದಿರು ತಮ್ಮ ಮಕ್ಕಳ ಸರದಿ ಬರಲಿ ಎಂದು ಕಾಯಬೇಕೆ? 2005ರಿಂದ ಈಚೆಗೆ ಆಶಾ ಕಾರ್ಯಕರ್ತೆಯರು ಹಳ್ಳಿಹಳ್ಳಿಗೂ ಬಂದಿದ್ದಾರೆ. ಆ ಊರಿನವಳೇ ಆಗಿರಬೇಕು, ಎಂಟನೆಯ ತರಗತಿಯಾದರೂ ಓದಿರಬೇಕು ಎಂಬುದು ಆರಂಭದಲ್ಲಿ ಇಟ್ಟ ನಿಯಮ. ನಮ್ಮ ದೊಡ್ಡತ್ತಿಗೆಯವರು ಪಕ್ಕದ ಮನೆಯವರಿಗಾಗಿ ಮಾಡಿದ ಕೆಲಸವನ್ನು ಈಕೆ ಇಡೀ ಊರಿಗಾಗಿ ಮಾಡುತ್ತಾಳೆ. ತನಗಿರುವ ಮಾತನ್ನು ಇಲ್ಲದವಳಿಗೆ ಎರವಲು ಕೊಡುತ್ತಾಳೆ. ಆಕೆಯ ಮಾತನ್ನು ಆಸ್ಪತ್ರೆ ಎಷ್ಟು ಗೌರವದಿಂದ ಕೇಳುತ್ತದೆ ಎಂಬುದರ ಮೇಲೆ ಎಷ್ಟೋ ಕೂಸುಗಳ ಆಯುಷ್ಯ ನಿಂತಿದೆ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ವೈದ್ಯರ ಕುಟುಂಬಗಳಲ್ಲಿದ್ದಾರೆ, ಕೆಲವರು ಶಾಲೆ ನಡೆಸುತ್ತಿದ್ದಾರೆ, ಕೆಲವರು ಪಂಚಾಯತಿಯಲ್ಲಿದ್ದಾರೆ. ಈ ಮಾತನ್ನು ಅವರೂ ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಔಷಧ ನಾಟಲಿಲ್ಲವೆಂದು ಹೇಳಲು ಸಂಕೋಚಪಡುತ್ತ, ಸೆರಗಿನ ಮರೆಯಲ್ಲಿ ಮಗುವನ್ನು ಹಿಡಿದು, ಎರಡನೆಯ ಸಲ ಬಾಗಿಲಿಗೆ ಬಂದ ತಾಯಿಯನ್ನು ಕಂಡಾಗ, “ಮತ್ತೆ ಯಾಕೆ ಬಂದೆ?” ಎಂದು ಯಾರೂ ಗದರದಂತೆ ನೋಡಿಕೊಳ್ಳಿ. ಅಲ್ಲಿಯವರೆಗೆ ನಡೆದು ಬರಲು ಆಕೆ ದಾಟಿ ಬಂದದ್ದು ಬಹಳ. ಕುಳಿತುಕೋ ತಾಯಿ, ಹೇಳು ಎನ್ನಿ.